ಕ್ಲೀನ್ ಮಾಡಬಾರದಿದ್ದ ಕ್ಯಾಸೆಟ್

ಹೋದ ತಿಂಗಳು ಆಫೀಸಿಗೆ ಹೋಗುವಾಗ ಲೋಕಲ್ ಟ್ರೇನಿನಲ್ಲಿ ಪಕ್ಕದ ಹುಡುಗಿಗೆ ನನ್ನ ನೀರಿನ ಬಾಟಲಿ ಚಾಚಿದೆ. ಅವಳು ಕಕ್ಕಾಬಿಕ್ಕಿಯಾದಳು.

"ಎನಕ್ಕಾ ಆಂಟಿ?" ಅಂದಳು. ನನಗಾ ಅಂತ.

"ಇರುಮಿನಿಯೇ ಮಾ," ಅಂದೆ. ಕೆಮ್ಮಿದೆಯಲ್ಲಮ್ಮ ಅಂತ.

"ನಾನ್ ಇರುಮಲೆಯೇ!"

ಪಾಪ, ಅವಳು ಕೆಮ್ಮಿರಲೇ ಇಲ್ಲ. ಕೆಮ್ಮಿದವನು ನನ್ನ ಇಯರ್‌ಫೋನಿನೊಳಗಿದ್ದ. ಯಾವುದೋ ದೇಶದ ಯಾವುದೋ ಹಾಲಿನಲ್ಲಿ, ನಾನು ಹುಟ್ಟುವ ಮೊದಲೇ ನಡೆದ ಜಾಝ್ ಕಚೇರಿ ಅದು. ಪಿಯಾನೋ ನುಡಿಸುವವರು ಇನ್ನೇನು ಪಿಸುದನಿಗೆ ಇಳಿದರು ಅನ್ನುವಾಗ ಮುಂದಿನ ಸಾಲಿನ ಆ ಮಹಾನುಭಾವ ಗಂಟಲು ಹರಿಯುವ ಹಾಗೆ ಕೆಮ್ಮಿದ್ದ. ನಾನು ಪೆದ್ದಿಯ ಹಾಗೆ ನೀರು ಕೊಡಲು ಹೋದೆ. (ಅವನಿಗೆ ತಲುಪಲಿಲ್ಲ. ಹುಡುಗಿ ಮುಂದಿನ ಸ್ಟೇಷನ್ನಿನಲ್ಲಿ ಸೀಟು ಬದಲಾಯಿಸಿದಳು.)

ಈ ಅಂಕಣ ಓದುವ ನಿಮಗೆ ನನ್ನ ಈ ಹುಚ್ಚು ಹೊಸದಲ್ಲ. ನನಗೆ ಲೈವ್ ಆಲ್ಬಮ್ಮುಗಳೇ ಬೇಕು. ಸ್ಟುಡಿಯೋದಲ್ಲಿ ಬಾಗಿಲು ಹಾಕಿಕೊಂಡು, ಹದಿನೆಂಟು ಸಲ ಹಾಡಿ, ಚೆನ್ನಾಗಿ ಬಂದ ತುಂಡುಗಳನ್ನು ಜೋಡಿಸಿದ್ದು ಬೇಡ. ಜನರ ಎದುರು ಒಂದೇ ಸಲ ಹಾಡಿದ್ದು ಬೇಕು. ತಪ್ಪಿದರೆ ತಪ್ಪಿತು. ತಪ್ಪಿದ ಮೇಲೆ ಹೇಗೆ ಎದ್ದು ಬಂದರು ಅನ್ನುವುದರಲ್ಲೇ ಅಲ್ಲವೇ ಮಜಾ ಇರುವುದು?

ರಾಕ್ ಕಚೇರಿಯೊಂದು ನನ್ನ ಫೋನಿನಲ್ಲಿದೆ. ಅದರಲ್ಲಿ ಗಾಯಕ ಅರ್ಧ ಹಾಡಿಗೆ ಬಾಯಿ ಮುಚ್ಚಿಬಿಡುತ್ತಾನೆ. ಉಳಿದರ್ಧವನ್ನು ಇಡೀ ಮೈದಾನವೇ ಹಾಡುತ್ತದೆ, ಅದೂ ಶ್ರುತಿ ತಪ್ಪಿ. ಆ ಅಪಶ್ರುತಿ ಕೇಳಿದರೆ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ. ಗಜಲ್ ಮೆಹಫಿಲ್‌ನಲ್ಲಿ ಒಬ್ಬ ಮುದುಕಪ್ಪ ಇದ್ದಾನೆ. ಎಲ್ಲರೂ ವಾಹ್ ವಾಹ್ ಅಂದು ಮುಗಿಸಿದ ಮೇಲೆ, ಅರ್ಥ ಆಗಲು ಅವನಿಗೆ ಇನ್ನೂ ಒಂದು ಕ್ಷಣ ಬೇಕು. ಆಮೇಲೆ ಒಬ್ಬನೇ "ಹಾಯ್" ಅನ್ನುತ್ತಾನೆ. ಹಾಡಿದವರಿಗಿಂತ ಅವನೇ ನನಗೆ ಹತ್ತಿರದವನು.

ಇನ್ನು ನಮ್ಮ ಚೆನ್ನೈ ಸಭಾಗಳ ಕರ್ನಾಟಕ ಸಂಗೀತದ ರೆಕಾರ್ಡಿಂಗು! ಮೃದಂಗದವರು ತನಿ ಆವರ್ತನ ಶುರು ಮಾಡಿದ ತಕ್ಷಣ ಟಪ್, ಟಪ್, ಟಪ್ ಅಂತ ಕೇಳಿಸುತ್ತದೆ. ಅದು ಮೃದಂಗವಲ್ಲ. ರಸಿಕರು ಕ್ಯಾಂಟೀನಿಗೆ ಎದ್ದಾಗ ಮಡಚಿಕೊಳ್ಳುವ ಸೀಟುಗಳು. ಹಾಗೆ ಎದ್ದು ಹೋದವರ ನಡುವೆಯೂ ಎಷ್ಟೋ ಮೃದಂಗದವರು ಜೀವ ತೇಯ್ದು ನುಡಿಸಿದ್ದಾರೆ. ಸ್ಟುಡಿಯೋದಲ್ಲಿ ಅಂಥ ಛಲ ಎಲ್ಲಿಂದ ಬರಬೇಕು?

ಇಷ್ಟೆಲ್ಲ ಭಾಷಣ ಬಿಗಿಯುವ ನಾನು ಏನು ಮಾಡಿದೆ ಗೊತ್ತೇ? ನಮ್ಮ ಮನೆಯದೇ ಒಂದು ಲೈವ್ ಆಲ್ಬಮ್ ಕೈಗೆ ಸಿಕ್ಕಾಗ ಅದರೊಳಗಿದ್ದ ಮನುಷ್ಯನನ್ನು ಒರೆಸಿ ಹಾಕಿದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ.

ಪೆರಂಬೂರಿನಲ್ಲಿ ನನ್ನ ಚಿಕ್ಕಮ್ಮ ಇದ್ದಾರೆ. ಹೆಸರು ಲಲಿತಾ. ರೈಲ್ವೆಯಲ್ಲಿದ್ದ ಚಿಕ್ಕಪ್ಪನನ್ನು ಮದುವೆಯಾಗಿ ತುಮಕೂರಿನಿಂದ ಬಂದವರು ಐವತ್ತು ವರ್ಷದಿಂದ ಇಲ್ಲೇ ಇದ್ದಾರೆ. ಚಿಕ್ಕಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತು. ಅವರಿಗಿದ್ದದ್ದು ಒಂದೇ ಚಟ, ಟೇಪ್ ರೆಕಾರ್ಡರ್. ನಾಮಕರಣ, ಆರತಿ ಹಾಡು, ಹರಿಕಥೆ, ನವರಾತ್ರಿಯ ಬೊಂಬೆ ಹಾಡು, ಏನಿದ್ದರೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂರುವರು. ತುಟಿಯ ಮೇಲೆ ಬೆರಳಿಟ್ಟು "ಶ್" ಅಂತ ಎಲ್ಲರಿಗೂ ಸನ್ನೆ ಮಾಡಿ ಬಟನ್ ಒತ್ತುವರು. ಆಮೇಲೆ ಅವರು ತುಟಿ ಪಿಟಕ್ಕೆನ್ನುವುದಿಲ್ಲ.

ಇದರ ಫಲ ಏನಾಯಿತೆಂದರೆ, ನಮ್ಮ ವಂಶದಲ್ಲಿ ಎಲ್ಲರ ದನಿಯೂ ಇದೆ. ಚಿಕ್ಕಪ್ಪನದು ಮಾತ್ರ ಇಲ್ಲ. ಮದುವೆ ವಿಡಿಯೋಗಳಲ್ಲಿ ಮುಖ ಇದೆ, ಅದರ ಮೇಲೆಲ್ಲ ನಾಗಸ್ವರ ತುಂಬಿದ್ದಾರೆ. ವಾಟ್ಸಾಪಿನಲ್ಲಿ ಕೂಡ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಬಿಟ್ಟರೆ ಬೇರೇನೂ ಕಳಿಸಿದವರಲ್ಲ. ಚಿಕ್ಕಮ್ಮ ಒಮ್ಮೆ ಹೇಳಿದ್ದರು, "ಮುಖ ಫೋಟೋದಲ್ಲಿ ನೋಡ್ಕೋತೀನಿ ವಿಜಿ, ದನಿ ಮರೆತು ಹೋಗ್ತಾ ಇದೆ ಕಣೇ." ನಾನು ಏನೋ ಸಮಾಧಾನ ಹೇಳಿ ಮಾತು ಮರೆಸಿದ್ದೆ.

ಚಿಕ್ಕಮ್ಮ ಜೀವನದಲ್ಲಿ ವೇದಿಕೆ ಹತ್ತಿ ಹಾಡಿದ್ದು ಒಂದೇ ಸಲ. ಮೂವತ್ತು ವರ್ಷದ ಹಿಂದೆ, ಇಲ್ಲಿನ ಒಂದು ಕನ್ನಡ ಸಂಘದಲ್ಲಿ. ಕೊನೆಗೆ ಹಾಡಿದ ದೇವರನಾಮದಲ್ಲಿ ಎರಡು ಚರಣ ಆದ ಮೇಲೆ ಮೂರನೆಯದು ಮರೆತುಹೋಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಚಿಕ್ಕಪ್ಪ ಹೇಳಿಕೊಟ್ಟರು. ಇಲ್ಲಿಂದ ಶುರುವಾಯಿತು ನೋಡಿ ಜಗಳ. ಚಿಕ್ಕಪ್ಪ ಮೂರರ ಬದಲು ನಾಲ್ಕನೇ ಚರಣ ಹೇಳಿಕೊಟ್ಟು ಹಾಡು ಕೆಡಿಸಿದರು ಅಂತ ಚಿಕ್ಕಮ್ಮ. ನಾನು ಸರಿಯಾಗೇ ಹೇಳಿದೆ, ನೀನೇ ಗಾಬರಿಯಲ್ಲಿ ಒಂದು ಚರಣ ಹಾರಿಸಿದೆ ಅಂತ ಚಿಕ್ಕಪ್ಪ.

ಇಪ್ಪತ್ತಾರು ವರ್ಷ ನಡೆಯಿತು ಈ ವ್ಯಾಜ್ಯ. ಹಬ್ಬಕ್ಕೆ ಹೋದರೆ ಒಬ್ಬಟ್ಟಿನ ಜೊತೆ ಇದೂ ಬಡಿಸುತ್ತಿದ್ದರು. ಟೇಪ್ ಹಾಕಿ ನೋಡಿದರೆ ಮುಗಿಯಿತಲ್ಲ ಅನ್ನುತ್ತೀರಾ? ನಾವೂ ಅಂದೆವು. "ಅದರ ಮೇಲೆ ಬೇರೆ ಏನೋ ರೆಕಾರ್ಡ್ ಆಗ್ಹೋಯ್ತಮ್ಮ," ಅಂದುಬಿಟ್ಟರು ಚಿಕ್ಕಪ್ಪ. ನಗುತ್ತಾ ಕೇಳುತ್ತಿದ್ದ ನಮಗೆ ಒಂದು ವಿಷಯ ಹೊಳೆದೇ ಇರಲಿಲ್ಲ. ಆ ದಿನದ ಮೇಲೆ ಚಿಕ್ಕಮ್ಮ ಮತ್ತೆ ವೇದಿಕೆ ಹತ್ತಲಿಲ್ಲ. ತನ್ನ ನೆನಪಿನ ಮೇಲೆ ತನಗೇ ನಂಬಿಕೆ ಹೋಗಿತ್ತು.

ಈ ವರ್ಷ ಮನೆಗೆ ಸುಣ್ಣ ಬಣ್ಣ ಮಾಡಿಸುವಾಗ ಅಟ್ಟದಿಂದ ಒಂದು ಚೀಲ ಕ್ಯಾಸೆಟ್ ಇಳಿಯಿತು. "ನಿನಗೆ ತಾನೇ ಈ ಹುಚ್ಚು, ತೊಗೊಂಡ್ಹೋಗು," ಅಂತ ಚಿಕ್ಕಮ್ಮ ನನಗೆ ದಾಟಿಸಿದರು. ಎಗ್ಮೋರಿನ ನಮ್ಮ ಇನ್ಶೂರೆನ್ಸ್ ಆಫೀಸಿನ ಹಿಂದಿನ ಬೀದಿಯಲ್ಲಿ ಸೆಲ್ವಂ ಎಂಬುವರ ಅಂಗಡಿ ಇದೆ. ಹಳೇ ಕ್ಯಾಸೆಟ್ ಕೊಟ್ಟರೆ ಪೆನ್ ಡ್ರೈವಿಗೆ ಹಾಕಿ ಕೊಡುತ್ತಾರೆ. ಊಟದ ಹೊತ್ತಿನಲ್ಲಿ ಚೀಲ ಕೊಟ್ಟು ಬಂದೆ.

ಎರಡು ದಿನಕ್ಕೆ ಅವರ ಫೋನು. "ಮ್ಯಾಡಂ, ಮೇಲೆ ಯೂನಿಯನ್ ಮೀಟಿಂಗ್, ಪಾರ್ಟ್ ಟು ಅಂತ ಬರೆದಿದೆ. ಉಳ್ಳೆ ಯಾರೋ ಅಮ್ಮಾ ಪಾಡುರಾಂಗ." ಒಳಗೆ ಯಾರೋ ಅಮ್ಮ ಹಾಡುತ್ತಿದ್ದಾರೆ ಅಂತ.

ಓಡಿದೆ. ಒಂದು ನಿಮಿಷ ಕೇಳಿದ್ದೇ ಸಾಕಾಯಿತು. ಚಿಕ್ಕಮ್ಮನ ದನಿ! ಯಾರೂ ತಪ್ಪಿಯೂ ಮುಟ್ಟದ ಹೆಸರು ಬರೆದು ಚಿಕ್ಕಪ್ಪ ಅದನ್ನು ಬಚ್ಚಿಟ್ಟಿದ್ದರು. (ಯೂನಿಯನ್ ಮೀಟಿಂಗಿನ ಎರಡನೇ ಭಾಗವನ್ನು ಯಾವ ಹೆಂಡತಿ ಹಾಕಿ ಕೇಳುತ್ತಾಳೆ ಹೇಳಿ?) ಯಾಕೆ ಬಚ್ಚಿಟ್ಟರು ಅಂತ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಮುಂದಿನ ವಾರವೇ ಚಿಕ್ಕಮ್ಮನಿಗೆ ಎಪ್ಪತ್ತೈದು ತುಂಬುತ್ತಿತ್ತು. ಸಂಘದವರು ನಾಲ್ಕು ಜನ ಬರುತ್ತಿದ್ದರು. ಎಲ್ಲರ ಎದುರು ಹಾಕಿ ಸರ್‌ಪ್ರೈಸ್ ಕೊಡುವ ಹುರುಪು ನನಗೆ.

"ಸತ್ತಂ ನೆರೆಯ ಇರುಕ್ಕು," ಅಂದರು ಸೆಲ್ವಂ. ಗದ್ದಲ ಜಾಸ್ತಿ ಇದೆ, ಕೆಮ್ಮು, ಕುರ್ಚಿ ಎಳೆಯುವುದು, ಮಾತು. "ಅಪ್ಪಡಿಯೇ ಕೊಡಲಾ, ಕ್ಲೀನ್ ಪಣ್ಣಣುಮಾ?" ಹಾಗೇ ಕೊಡಲೇ, ಕ್ಲೀನ್ ಮಾಡಬೇಕೇ ಅಂತ.

"ಫುಲ್ಲಾ ಕ್ಲೀನ್ ಪಣ್ಣಿಡುಂಗ," ಅಂದೆ.

ಅಂದವಳು ನಾನೇ. ಊರವರ ಕೆಮ್ಮಿಗೆ ನೀರು ಕೊಡುವವಳು! ಕಂಡವರ ಕಚೇರಿಯ ಗದ್ದಲವಾದರೆ ಕಲೆ. ನಮ್ಮ ಮನೆಯದಾದರೆ ಮರ್ಯಾದೆ ಪ್ರಶ್ನೆ.

ಕ್ಯಾಸೆಟ್ಟಿಗೆ ಫಂಗಸ್ ಹಿಡಿದಿತ್ತು. ಒಂದೇ ಸಲ ಓಡಿ, ಕೊನೆಯಲ್ಲಿ ತುಂಡಾಗಿ ಸುರುಳಿ ಸುರುಳಿಯಾಗಿ ಹೊರಗೆ ಬಂತು. ಪೆನ್ ಡ್ರೈವ್ ಸಿಕ್ಕಿತಲ್ಲ ಅಂತ ಅದನ್ನು ಅಲ್ಲೇ ಕಸದ ಬುಟ್ಟಿಗೆ ಹಾಕಿ ಬಂದೆ.

ಹುಟ್ಟುಹಬ್ಬದ ದಿನ ಪಾಯಸ ಆದ ಮೇಲೆ ಹಾಕಿದೆವು. ಒಂದು ಕೆಮ್ಮಿಲ್ಲ, ಒಂದು ಕುರ್ಚಿಯಿಲ್ಲ. ಇವತ್ತು ಬೆಳಿಗ್ಗೆ ಸ್ಟುಡಿಯೋದಲ್ಲಿ ಹಾಡಿದ ಹಾಗಿತ್ತು. ಕೊನೆಯ ದೇವರನಾಮವಂತೂ ಎರಡನೇ ಚರಣದಿಂದ ನೀರು ಹರಿದ ಹಾಗೆ ಮುಂದಕ್ಕೆ ಹೋಯಿತು. ಸಂಘದವರು ಚಪ್ಪಾಳೆ ತಟ್ಟಿದರು. ನಾನು ಚಿಕ್ಕಮ್ಮನ ಮುಖ ನೋಡಿದೆ.

"ಇದು ನಾನಲ್ಲ," ಅಂದರು ಚಿಕ್ಕಮ್ಮ.

"ಏನ್ ಚಿಕ್ಕಮ್ಮ ಹಾಗಂತೀರ, ನಿಮ್ಮ ದನಿ ಅಲ್ವಾ?"

"ದನಿ ನಂದೇ. ನಾನು ಇಷ್ಟು ಸಲೀಸಾಗಿ ಹಾಡ್ಲಿಲ್ಲ. ಎರಡನೇ ಚರಣ ಆದ್ಮೇಲೆ ನಿಂತುಬಿಟ್ಟಿದ್ದೆ. ಮೃದಂಗ ಒಂದೇ ನುಡೀತಿತ್ತು. ಆಗ ಅವರು ಹೇಳ್ಕೊಟ್ರು." ಸ್ಪೀಕರಿನ ಕಡೆಗೆ ಬಗ್ಗಿದರು. "ಅವರೆಲ್ಲಿ?"

ಶೋಳಿಂಗನಲ್ಲೂರಿನಲ್ಲಿ ಕೆಲಸ ಮಾಡುವ ನನ್ನ ಮಗಳು ನಿಧಿ ಸಹಾಯಕ್ಕೆ ಬಂದಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ತಮಿಳೇ. "ಅಜ್ಜಿ, ಅದು ನಾಯ್ಸ್ ದಾನೇ? ಸಾಫ್ಟ್‌ವೇರ್ ಎಡುತ್ತುಡುಚ್ಚು." ಗದ್ದಲ ತಾನೇ, ಸಾಫ್ಟ್‌ವೇರ್ ತೆಗೆದುಹಾಕಿತು ಅಂತ.

"ನಾಯ್ಸಾ? ನಿಮ್ಮ ತಾತನಾ?"

ಚಿಕ್ಕಮ್ಮ ಎದ್ದು ಪಾಯಸದ ಲೋಟಗಳನ್ನು ಒಳಗೆ ತೆಗೆದುಕೊಂಡು ಹೋದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನ ಸೆಲ್ವಂ ಅಂಗಡಿಗೆ ಹೋದರೆ ಶಟರ್ ಮುಚ್ಚಿತ್ತು. ತಂಗಿಯ ಗೃಹಪ್ರವೇಶಕ್ಕೆ ಊರಿಗೆ ಹೋಗಿದ್ದಾರೆ, ಫೋನು ಸ್ವಿಚ್ ಆಫ್. ಶಟರಿನ ಮೇಲೆ ಇನ್ನೊಂದು ಬೋರ್ಡು ಕಣ್ಣಿಗೆ ಬಿತ್ತು. ಡೆಲಿವರಿ ಆದ ಒಂದು ವಾರದ ಮೇಲೆ ಫೈಲುಗಳಿಗೆ ನಾವು ಜವಾಬ್ದಾರರಲ್ಲ ಅಂತ ತಮಿಳಿನಲ್ಲಿ ಬರೆದಿತ್ತು. ನಾನು ಪೆನ್ ಡ್ರೈವ್ ತೆಗೆದುಕೊಂಡು ಎಂಟು ದಿನ ಆಗಿತ್ತು.

ಐದು ದಿನ ದಿನಕ್ಕೆರಡು ಸಲ ಆ ಬೀದಿಗೆ ಹೋಗಿ ಬಂದೆ. ಟ್ರೇನಿನಲ್ಲಿ ಯಾವ ಆಲ್ಬಮ್ ಹಾಕಲೂ ಮನಸ್ಸಾಗಲಿಲ್ಲ. ಇಡೀ ಜನ್ಮದಲ್ಲಿ ಒಬ್ಬ ಮನುಷ್ಯ ಒಂದೇ ಒಂದು ಸಲ ಟೇಪಿನಲ್ಲಿ ಬಾಯಿ ಬಿಟ್ಟಿದ್ದ. ಅದನ್ನು ಕ್ಲೀನ್ ಮಾಡಿಸಿದ್ದೆ ನಾನು. ನನ್ನಂಥವಳಿಗೆ ಅಂಕಣ ಬೇರೆ ಕೇಡು!

ಆರನೇ ದಿನ ಶಟರ್ ತೆರೆದಿತ್ತು. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಸೆಲ್ವಂ ತಲೆ ಕೆರೆದುಕೊಂಡರು.

"ಒಂದು ವಾರಕ್ಕೆ ಡಿಲೀಟ್ ಮಾಡಬೇಕು, ನಿಜ. ಅದುಕ್ಕೆಲ್ಲಾಂ ನೇರಂ ಎಂಗ ಮ್ಯಾಡಂ?"

ಅದಕ್ಕೆಲ್ಲ ಟೈಮ್ ಎಲ್ಲಿದೆ! ಸೋಮಾರಿತನಕ್ಕೆ ಕೈ ಮುಗಿಯಬೇಕು ಅನ್ನಿಸಿದ್ದು ನನ್ನ ಬದುಕಿನಲ್ಲೇ ಮೊದಲು. ಆದರೆ ಖುಷಿ ಅರ್ಧ ನಿಮಿಷ ಉಳಿಯಲಿಲ್ಲ. ಕಂಪ್ಯೂಟರ್ ತೆಗೆದರೆ ಸಾಲು ಸಾಲಾಗಿ ಫೈಲುಗಳು. ಎಲ್ಲದಕ್ಕೂ ಒಂದೇ ಹೆಸರು. ಅಮ್ಮಾ ಪಾಟ್ಟು ಒಂದು, ಅಮ್ಮಾ ಪಾಟ್ಟು ಎರಡು, ಅಮ್ಮಾ ಪಾಟ್ಟು ಮೂವತ್ತೇಳು. ಅಮ್ಮನ ಹಾಡು.

"ಎಲ್ಲರೂ ಅದನ್ನೇ ತಾನೇ ತರೋದು?" ಅಂದರು ಸೆಲ್ವಂ, ತಮಿಳಿನಲ್ಲಿ. ತಪ್ಪು ಅವರದಲ್ಲ ಅನ್ನುವ ಹಾಗೆ. ಬೇರೆ ಏನು ಬಂದರೂ ಅದಕ್ಕೂ ಅದೇ ಹೆಸರು ಹಾಕಿಬಿಡುತ್ತಿದ್ದರು.

ಬೇರೆ ದಾರಿಯಿರಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತೆ. ಒಂದೊಂದೇ ತೆಗೆದು ಕೇಳತೊಡಗಿದೆವು. ಎರಡು ಮಧ್ಯಾಹ್ನ ಹಿಡಿಯಿತು.

ನಾನು ಇಷ್ಟು ವರ್ಷ ಕೇಳಿದ ಲೈವ್ ಆಲ್ಬಮ್ಮುಗಳನ್ನೆಲ್ಲ ಒಂದು ತಕ್ಕಡಿಗೆ ಹಾಕಿದರೂ ಆ ಎರಡು ಮಧ್ಯಾಹ್ನಕ್ಕೆ ಸಮ ಬರುವುದಿಲ್ಲ. ಚರ್ಚಿನ ಕಾಯರ್ ಒಂದು. ನಡುವೆ ಮಗುವೊಂದು ಅಳುತ್ತದೆ. ಯಾರೋ ಎತ್ತಿಕೊಂಡು ಹೊರಗೆ ಹೋಗುತ್ತಾರೆ, ಅಳು ದೂರ ದೂರವಾಗುತ್ತದೆ, ಹಾಡು ನಿಲ್ಲುವುದಿಲ್ಲ. ಆ ಮಗುವಿಗೆ ಈಗ ಮಕ್ಕಳಿರಬೇಕು. ಮದುವೆ ರಿಸೆಪ್ಷನ್ನಿನ ಲೈಟ್ ಮ್ಯೂಸಿಕ್ಕಿನಲ್ಲಿ ಟ್ರಂಪೆಟ್ ತಾರಕಕ್ಕೆ ಹೋಗುವ ಹೊತ್ತಿಗೆ ಮೈಕು ಕಿತ್ತುಕೊಂಡು ಯಾರೋ ಗಂಡಿನ ಕಡೆಯವರೆಲ್ಲ ಊಟಕ್ಕೆ ಏಳಬೇಕು ಅಂತ ಕೂಗುತ್ತಾರೆ. ದರ್ಗಾದ ಕವ್ವಾಲಿಯಲ್ಲಿ ಒಬ್ಬನ ಚಪ್ಪಾಳೆ ಶುರುವಿನಿಂದ ಕೊನೆಯವರೆಗೂ ತಾಳ ತಪ್ಪಿಯೇ ಬೀಳುತ್ತದೆ, ಅವನಷ್ಟು ಖುಷಿಯಾಗಿ ಅಲ್ಲಿ ಬೇರೆ ಯಾರೂ ಇಲ್ಲ. ಚೆನ್ನೈ ಗಲ್ಲಿಗಳಲ್ಲಿ ಹುಟ್ಟಿದ ಬೀದಿ ಹಾಡು, ಗಾನಾ ಪಾಟ್ಟು, ತಾಳಕ್ಕೆ ತಗಡಿನ ಡಬ್ಬ. ಕಾಲೇಜು ಹುಡುಗರ ರಾಕ್ ಬ್ಯಾಂಡಿಗೆ ಹಾಡಿನ ಮಧ್ಯೆ ಕರೆಂಟು ಹೋಗುತ್ತದೆ. ಗಿಟಾರ್ ಸತ್ತಿತು, ಮೈಕ್ ಸತ್ತಿತು, ಡ್ರಮ್ ಒಂದೇ ಉಳಿಯಿತು. ರೆಕಾರ್ಡರಿಗೆ ಸೆಲ್ ಹಾಕಿದ್ದರು ಕಾಣುತ್ತದೆ, ಓಡುತ್ತಲೇ ಇದೆ. ಒಂದು ಕ್ಷಣ ಹೋ ಅಂತ ಕೂಗಿದ ಹುಡುಗರು ಆಮೇಲೆ ತಾವೇ ಹಾಡನ್ನು ಎತ್ತಿಕೊಂಡರು.

ಸೆಲ್ವಂ ಮೌಸ್ ಬಿಟ್ಟು ಕೇಳುತ್ತಾ ಕೂತಿದ್ದರು. "ಇದನ್ನು ಕ್ಲೀನ್ ಮಾಡುವಾಗ ಈ ಭಾಗ ಕಟ್ ಮಾಡಿದ್ದೆ," ಅಂದರು. ದನಿ ಸ್ವಲ್ಪ ಸಣ್ಣಗಾಗಿತ್ತು.

ನಮ್ಮದು ಅಮ್ಮಾ ಪಾಟ್ಟು ಇಪ್ಪತ್ತೊಂಬತ್ತು. ಕೊನೆಯ ದೇವರನಾಮಕ್ಕೆ ಓಡಿಸಿದೆವು. ಎರಡನೇ ಚರಣ ಮುಗಿಯಿತು. ಚಿಕ್ಕಮ್ಮನ ದನಿ ನಿಂತಿತು. ಶ್ರುತಿ ಪೆಟ್ಟಿಗೆ, ಮೃದಂಗ, ಯಾರದೋ ಕೆಮ್ಮು. ಆಮೇಲೆ ಎಲ್ಲಕ್ಕಿಂತ ದೊಡ್ಡದಾಗಿ, ಕಿವಿಯ ಪಕ್ಕದಲ್ಲೇ, ಚಿಕ್ಕಪ್ಪ. ರೆಕಾರ್ಡರ್ ಅವರ ತೊಡೆಯ ಮೇಲೇ ಇತ್ತಲ್ಲ. ನಾನು ತಕ್ಷಣ ನಿಲ್ಲಿಸಿಬಿಟ್ಟೆ. ಮುಂದಿನದನ್ನು ಮೊದಲು ಕೇಳುವ ಹಕ್ಕು ನನಗಿರಲಿಲ್ಲ. ಅಂಗಡಿಯ ಕೌಂಟರಿಗೆ ತಲೆ ಆನಿಸಿ ಅತ್ತೆ, ಸಂಕೋಚವಿಲ್ಲದೆ ಹೇಳುತ್ತೇನೆ.

ಸಂಜೆ ನಿಧಿಯನ್ನೂ ಕರೆದುಕೊಂಡು ಪೆರಂಬೂರಿಗೆ ಹೋದೆ. ಚಿಕ್ಕಮ್ಮ ಹುರುಳಿಕಾಯಿ ಸೋಸುತ್ತಿದ್ದರು. ಏನೂ ಹೇಳದೆ ಫೋನು ಮುಂದಿಟ್ಟು ಹಾಕಿದೆ.

ಹಾಡು ನಿಂತಿತು. ಮೃದಂಗ ಒಂದು ಸುತ್ತು ಹಾಕಿತು. ಚಿಕ್ಕಪ್ಪ ಪಿಸುಗುಟ್ಟಿದರು. ನಾಲ್ಕನೇ ಚರಣ! ಅನುಮಾನವೇ ಬೇಡ, ನಾಲ್ಕನೆಯದೇ. ಚಿಕ್ಕಮ್ಮನ ಕೈ ಹುರುಳಿಕಾಯಿಯ ಮೇಲೆ ಹಾಗೇ ನಿಂತಿತು. ಫೋನಿನೊಳಗೆ ಮೂವತ್ತು ವರ್ಷದ ಹಿಂದಿನ ಚಿಕ್ಕಮ್ಮ ಆ ನಾಲ್ಕನೇ ಚರಣವನ್ನೇ ಎತ್ತಿಕೊಂಡು ಹಾಡತೊಡಗಿದರು. ಆ ಹಾಡಿನ ಮೇಲೆ ಮತ್ತೆ ಚಿಕ್ಕಪ್ಪನ ದನಿ, ತಮಗೆ ತಾವೇ ಹೇಳಿಕೊಂಡ ಹಾಗೆ.

"ಅಯ್ಯಯ್ಯೋ, ತಪ್ಪು ಹೇಳ್ಬಿಟ್ಟೆ. ತಪ್ಪಾಯ್ತು ಕಣೇ ಲಲ್ಲಿ."

ಚಿಕ್ಕಮ್ಮ ನನ್ನನ್ನು ನೋಡಿದರು, ನಿಧಿಯನ್ನು ನೋಡಿದರು, ಫೋನನ್ನು ನೋಡಿದರು.

"ನೋಡಿದ್ಯಾ? ನಾನು ಹೇಳ್ಲಿಲ್ವಾ? ಇಪ್ಪತ್ತಾರು ವರ್ಷ! ಪಕ್ಕದಲ್ಲೇ ಇದ್ದೆ ನಾನು, ನನಗೆ ಹೇಳ್ಲಿಲ್ಲ. ಟೇಪ್ ರೆಕಾರ್ಡರ್‌ಗೆ ಹೇಳಿ, ಅದನ್ನ ಯೂನಿಯನ್ ಮೀಟಿಂಗ್‌ನಲ್ಲಿ ಬಚ್ಚಿಟ್ಟು ಹೋಗಿದಾರೆ ಮಹಾರಾಯರು!" ನಗು ಬಂದುಬಿಟ್ಟಿತು ಅವರಿಗೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಾ ನಗುತ್ತಾ ಅತ್ತರು. "ಇನ್ನೊಂದ್ಸಲ ಹಾಕು."

ಹಾಕಿದೆ. ಏಳೆಂಟು ಸಲ ಹಾಕಿದೆ. ಪ್ರತಿ ಸಲವೂ "ತಪ್ಪಾಯ್ತು ಕಣೇ" ಬಂದಾಗ ಚಿಕ್ಕಮ್ಮ ಫೋನಿಗೆ ಉತ್ತರ ಕೊಡುತ್ತಿದ್ದರು, "ಹೂಂ, ಈಗ ಒಪ್ಕೊಳ್ಳಿ." ನಾಲ್ಕು ವರ್ಷದಿಂದ ಸುಮ್ಮನಿದ್ದ ಮನೆಯಲ್ಲಿ ಮತ್ತೆ ಜಗಳ ಶುರುವಾಗಿತ್ತು. ನನಗೆ ಹೋದ ಜೀವ ಬಂದ ಹಾಗಾಯಿತು.

ಆಮೇಲೆ ಕಣ್ಣೊರೆಸಿಕೊಂಡು ಕೇಳಿದರು, "ಸಂಘದವರು ಅವತ್ತು ಏನೋ ಹೇಳ್ತಿದ್ರಲ್ಲ, ರಾಜ್ಯೋತ್ಸವಕ್ಕೆ ಯಾರಾದ್ರೂ ಹಾಡೋರು ಬೇಕು ಅಂತ?"

"ಹೌದು. ನೀವು ಹಾಡ್ತೀರಾ ಚಿಕ್ಕಮ್ಮ?"

"ಮೂರನೇ ಚರಣ ಬಾಕಿ ಇದೆಯಲ್ಲೇ. ಮರೆತದ್ದು ನಾನೇ, ಇಲ್ಲ ಅನ್ನಲ್ಲ. ಆದ್ರೆ ಬಾಯಲ್ಲಿ ಏನೇ ಅಂದ್ರೂ ಒಳಗೊಳಗೆ ಪೂರಾ ತಪ್ಪು ನಂದೇ ಅಂದ್ಕೊಂಡು ಸುಮ್ನೆ ಮನೇಲಿ ಕೂತಿದ್ದೆ."

ಈಗ ಪ್ರತಿ ಭಾನುವಾರ ಪೆರಂಬೂರಿನಲ್ಲಿ ಅಭ್ಯಾಸ. ದನಿ ನಡುಗುತ್ತದೆ, ಮೇಲಿನ ಸ್ಥಾಯಿ ಎಟಕುವುದಿಲ್ಲ, ನಡುವೆ ಕುಕ್ಕರ್ ಕೂಗುತ್ತದೆ. ಮೂರನೇ ಚರಣ ಮಾತ್ರ ಕಲ್ಲಿನ ಹಾಗೆ ಗಟ್ಟಿಯಾಗಿದೆ. ನಿಧಿ ರೆಕಾರ್ಡ್ ಮಾಡುತ್ತಾಳೆ. ಮೊದಲ ದಿನ ಅವಳು ಬಟನ್ ಒತ್ತಿ, ತುಟಿಯ ಮೇಲೆ ಬೆರಳಿಟ್ಟುಕೊಂಡು ಕೂತಳು.

ಚಿಕ್ಕಮ್ಮ ಹಾಡು ಶುರುಮಾಡಲೇ ಇಲ್ಲ. "ಬಾಯಿ ಮುಚ್ಕೊಂಡು ಕೂತ್ಕೋಬೇಡ. ಮೊದ್ಲು ನೀನು ಏನಾದ್ರೂ ಮಾತಾಡು."

"ನಾನಾ? ಎನ್ನ ಪೇಸ?" ಅಂದಳು ನಿಧಿ. ಏನು ಮಾತಾಡಲಿ ಅಂತ. ಸ್ವಲ್ಪ ಯೋಚಿಸಿದಳು. ಆಮೇಲೆ ಫೋನಿನ ಹತ್ತಿರ ಬಾಯಿ ತಂದು, ತನಗೆ ಬರುವ ತಮಿಳು ಧಾಟಿಯ ಕನ್ನಡದಲ್ಲಿ ಹೇಳಿದಳು, "ನಾನು ನಿಧಿ. ಈಗ ನಮ್ಮ ಅಜ್ಜಿ ಹಾಡ್ತಾರೆ."

ನಿಮ್ಮ ಮನೆಯಲ್ಲಿ ಎಲ್ಲರ ವಿಡಿಯೋ ತೆಗೆಯುವವರು ಯಾರೋ ಒಬ್ಬರು ಇದ್ದೇ ಇರುತ್ತಾರಲ್ಲ, ಅವರ ದನಿ ಯಾರ ಫೋನಿನಲ್ಲಿದೆ?